ಪ್ರಕಟಣೆಗೆ ಬಾರದ ಉದ್ಯೋಗಗಳು

ಹತ್ತನೆಯ ತರಗತಿಯ ಪರೀಕ್ಷೆ ಸಮೀಪಿಸುತ್ತಿದ್ದಂತೆ ಕಾಸರಗೋಡಿನ ಕನ್ನಡ ಮನೆಗಳಲ್ಲಿ ಹಳೆಯ ಪ್ರಶ್ನೆಯೊಂದು ಮತ್ತೆ ಏಳುತ್ತದೆ: ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕೆಲಸವೆಲ್ಲಿದೆ? ಕನ್ನಡ ಹಾಗೂ ಮಲಯಾಳ ಬಲ್ಲವರಿಗೆಂದು ಕೇರಳ ಪಿ.ಎಸ್.ಸಿ. ಹೊರಡಿಸುವ ಅಧಿಸೂಚನೆಯ ಮೇಲೆ ಎಲ್ಲರ ದೃಷ್ಟಿ ನೆಟ್ಟಿರುತ್ತದೆ. ಅದಕ್ಕೆ ಸಿದ್ಧರಾಗುವುದು ಯೋಗ್ಯವೇ. ಆದರೆ ಆ ಹುದ್ದೆಗಳು ಕೆಲವೇ, ಕಾಯುವವರು ಹಲವರು. ಕಾಯುವ ಅವಧಿಯಲ್ಲಿಯೇ ಊರಿನ ಪೇಟೆಗಳಲ್ಲಿ ಎಷ್ಟೋ ಕೆಲಸಗಳು ತೆರವಾಗಿ, ಎಲ್ಲಿಯೂ ಪ್ರಕಟವಾಗದೆ ತುಂಬಿಹೋಗುತ್ತವೆ.

ಇದಕ್ಕೆ ಕಾರಣ ಸರಳ. ಐದಾರು ಮಂದಿ ದುಡಿಯುವ ಅಂಗಡಿ, ಮುದ್ರಣಾಲಯ, ಔಷಧದಂಗಡಿ ಅಥವಾ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಒಬ್ಬರು ಕೆಲಸ ಬಿಟ್ಟರೆ ಯಜಮಾನರು ಜಾಹೀರಾತು ಕೊಡುವುದಿಲ್ಲ. ಇದ್ದ ನೌಕರರನ್ನೂ ಪರಿಚಿತರನ್ನೂ ವಿಚಾರಿಸುತ್ತಾರೆ. ಖರ್ಚಿಗಿಂತ ನಂಬಿಕೆಯ ಪ್ರಶ್ನೆ ಅವರಿಗೆ ದೊಡ್ಡದು. ತೆರವಾದ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂಬ 1959ರ ಕಾಯಿದೆಯು ಕೂಡ ಖಾಸಗಿ ರಂಗದಲ್ಲಿ 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗಷ್ಟೇ ಅನ್ವಯವಾಗಿತ್ತು. ಕೇಂದ್ರದ ಮೂಲಕವೇ ನೇಮಿಸಬೇಕೆಂಬ ಕಟ್ಟುಪಾಡನ್ನು ಅದು ಯಾರ ಮೇಲೂ ಹೇರಿರಲಿಲ್ಲ.

ಹಾಗಾದರೆ ಸುದ್ದಿ ತಲಪುವುದು ಹೇಗೆ? ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1970ರ ದಶಕದಲ್ಲಿ ಇದನ್ನೇ ಅಧ್ಯಯನ ಮಾಡಿದರು. ಅವರು ವಿಚಾರಿಸಿದ ನೌಕರರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಪರಿಚಿತರ ಮೂಲಕ ಕೆಲಸ ದೊರೆತಿತ್ತು. ಆ ಪರಿಚಿತರಲ್ಲಿ ಬಹುಪಾಲು ಮಂದಿ ಆಪ್ತರಲ್ಲ, ಅಪರೂಪಕ್ಕೆ ಭೇಟಿಯಾಗುವವರು. ಮನೆಯವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಹೊರಗಿನವರಿಂದ. ಮಂಗಳೂರಿನಲ್ಲಿ ನೆಲೆಸಿದ ಹಳೆಯ ಸಹಪಾಠಿ, ತಂದೆ ಅಡಿಕೆ ಮಾರುವ ಅಂಗಡಿಯ ಗುಮಾಸ್ತರು, ನಿವೃತ್ತ ಅಧ್ಯಾಪಕರು ಇಂತಹ ಕೊಂಡಿಗಳು.

ಆದರೆ ‘ಯಾವುದಾದರೂ ಒಂದು ಕೆಲಸವಿದ್ದರೆ ಹೇಳಿ’ ಎಂಬ ಮಾತು ಕೇಳಿದವರ ನೆನಪಿನಲ್ಲಿ ಉಳಿಯುವುದಿಲ್ಲ. ಕೆಲಸ ಕೊಡುವವರ ಕೊರತೆ ಯಾವುದೆಂದು ಮೊದಲು ತಿಳಿದು, ತನ್ನಲ್ಲಿರುವುದನ್ನು ಅದಕ್ಕೆ ಹೊಂದಿಸಿ ಹೇಳಬೇಕು. ಮಂಗಳೂರಿನ ಆಸ್ಪತ್ರೆಗಳನ್ನೇ ನೋಡಬಹುದು. ಗಡಿಯಾಚೆಯ ರೋಗಿಗಳು ಅವುಗಳನ್ನು ಎಷ್ಟು ನೆಚ್ಚಿಕೊಂಡಿದ್ದಾರೆಂಬುದು 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ದೇಶಕ್ಕೇ ತಿಳಿಯಿತು. ಮಲಯಾಳದಲ್ಲಿ ರೋಗಿಯ ಅಳಲನ್ನು ಕೇಳಿ, ಕನ್ನಡದಲ್ಲಿಯೋ ತುಳುವಿನಲ್ಲಿಯೋ ಸಿಬ್ಬಂದಿಗೆ ತಿಳಿಸಿ, ಇಂಗ್ಲಿಷಿನ ನಮೂನೆಯನ್ನು ತುಂಬಬಲ್ಲವರು ಅಲ್ಲಿನ ವಿಚಾರಣಾ ಮೇಜಿಗೆ ಬೇಕಾದವರು. ಮನೆಯಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಆಡುತ್ತ ಬೆಳೆದ ಮಕ್ಕಳಿಗೆ ಇದು ವಿದ್ಯೆಯೆಂದೇ ತೋರುವುದಿಲ್ಲ. ಕೃಷಿಕರ ಮಕ್ಕಳು ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಅಡಿಕೆಯನ್ನು ಬೇರ್ಪಡಿಸಬಲ್ಲರು. ಅದೂ ಒಂದು ಅರ್ಹತೆಯೆಂದು ಅರ್ಜಿಯಲ್ಲಿ ಬರೆಯುವವರು ವಿರಳ.

ಭಾಷೆಯೊಂದರಿಂದಲೇ ಕೆಲಸ ದೊರೆಯದೆಂಬುದೂ ನಿಜ. ಅದರ ಜೊತೆಗೆ ಕಂಪ್ಯೂಟರಿನಲ್ಲಿ ಲೆಕ್ಕ ಇಡುವುದು, ಮೂರು ಲಿಪಿಗಳಲ್ಲಿ ಬೆರಳಚ್ಚು, ಔಷಧಶಾಸ್ತ್ರ ಅಥವಾ ವಿದ್ಯುತ್ ಕೆಲಸದಂತಹ ಒಂದು ಕೈಕಸುಬು ಸೇರಬೇಕು. ಆಗ ಹೇಳುವ ಮಾತಿಗೆ ತೂಕ ಬರುತ್ತದೆ: ‘ಮೂರು ಭಾಷೆಗಳಲ್ಲಿ ಗಿರಾಕಿಗಳೊಡನೆ ವ್ಯವಹರಿಸಬಲ್ಲೆ, ದಿನದ ಲೆಕ್ಕವನ್ನು ಅಂದೇ ಮುಗಿಸಬಲ್ಲೆ. ಒಂದು ವಾರ ನನ್ನ ಕೆಲಸ ನೋಡಿ.’ ಇಂದು ಜಾಗವಿಲ್ಲವೆಂದವರನ್ನು ಎರಡು ತಿಂಗಳ ಬಳಿಕ ಮತ್ತೊಮ್ಮೆ ಕಾಣುವುದರಲ್ಲಿ ಸಂಕೋಚವಿಲ್ಲ. ಕೆಲಸ ಕೊಡಿಸುವೆನೆಂದು ಮುಂಗಡ ಹಣ ಕೇಳುವವರಿಂದ ಮಾತ್ರ ದೂರವಿರಬೇಕು.

ಈ ದಾರಿಯಲ್ಲೊಂದು ಅನ್ಯಾಯವೂ ಇದೆ. ಪರಿಚಯಗಳಿಲ್ಲದ ಬಡ ಮನೆಯ ಮಕ್ಕಳಿಗೆ ಸುದ್ದಿಯೇ ತಲಪುವುದಿಲ್ಲ. ಈ ಕೊರತೆಯನ್ನು ತುಂಬಬಲ್ಲುದು ಶಾಲೆ. ಹಳೆ ವಿದ್ಯಾರ್ಥಿಗಳು ಎಲ್ಲೆಲ್ಲಿ ಯಾವ ಕೆಲಸದಲ್ಲಿದ್ದಾರೆಂಬ ಒಂದು ಪುಸ್ತಕವನ್ನು ಇರಿಸಿ, ವರ್ಷಕ್ಕೊಮ್ಮೆ ಅವರನ್ನು ಕರೆಸಿ ಮಕ್ಕಳೆದುರು ಮಾತಾಡಿಸಲು ದೊಡ್ಡ ವೆಚ್ಚ ತಗಲದು. ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸಲು ಹಿಂಜರಿಯುವ ಹೆತ್ತವರಿಗೆ ಭಾಷಣಗಳಿಗಿಂತ ಆ ಪುಸ್ತಕವೇ ಹೆಚ್ಚು ಧೈರ್ಯ ನೀಡೀತು.