ಗೋತ್ರದ ಲೆಕ್ಕ, ವಂಶವಾಹಿಯ ಲೆಕ್ಕ: ಸಮುದಾಯ ತಳಿಶಾಸ್ತ್ರದ ಕೆಲವು ಕರ್ನಾಟಕ ನಿದರ್ಶನಗಳು

ಧಾರವಾಡದ ರೈಲು ನಿಲ್ದಾಣದ ಆಸುಪಾಸಿನ ಮಾಳಮಡ್ಡಿಯಲ್ಲಿ ವೈದಿಕ ಸಂಪ್ರದಾಯದ ಅನೇಕ ಮನೆತನಗಳು ತಲೆಮಾರುಗಳಿಂದ ನೆಲೆಸಿವೆ. ಇಂತಹ ಮನೆತನಗಳಲ್ಲಿ ಮದುವೆಯ ಮಾತು ಮೊದಲಾಗುವುದು ಗೋತ್ರವಿಚಾರದಿಂದ. ಸಗೋತ್ರ ವಿವಾಹ ನಿಷಿದ್ಧ; ಆದರೆ ಸೋದರಮಾವನ ಮಗಳನ್ನು ತರುವುದು ರೂಢಿಗೆ ಸಮ್ಮತ. ಎಷ್ಟೋ ಕಡೆ ಅಕ್ಕನ ಮಗಳನ್ನು ಲಗ್ನವಾಗುವುದೂ ಉಂಟು. ಈ ರೂಢಿ ಯಾವುದೇ ಒಂದು ಜಾತಿಗೆ ಸೀಮಿತವಲ್ಲ, ದಕ್ಷಿಣ ಭಾರತದ ಬಹಳಷ್ಟು ಸಮುದಾಯಗಳಲ್ಲಿದೆ. ಮಾವನ ಮಗಳನ್ನು ವರಿಸುವುದನ್ನು ಬೌಧಾಯನ ಧರ್ಮಸೂತ್ರವೇ ದಕ್ಷಿಣದವರ ಆಚಾರವೆಂದು ಗುರುತಿಸಿದೆ. ಸಪಿಂಡ ನಿಯಮವು ತಾಯಿಯ ಕಡೆಯ ನಂಟನ್ನೂ ಪರಿಗಣಿಸುತ್ತದೆಯಾದರೂ, ಇಲ್ಲಿನ ರೂಢಿ ಅದನ್ನು ಸಡಿಲಿಸಿದೆ. ಗೋತ್ರ ಎಣಿಸುವುದು ತಂದೆಯ ಎಳೆಯನ್ನು ಮಾತ್ರ. ವಂಶವಾಹಿಗಳಾದರೋ ತಂದೆತಾಯಿಗಳಿಬ್ಬರಿಂದಲೂ ಬಹುತೇಕ ಸಮವಾಗಿ ಬರುತ್ತವೆ. ಯಾರು ಯಾರೊಡನೆ ಸಂತಾನ ಪಡೆಯುತ್ತಾರೆ, ಹಾಗೆ ಪಡೆಯುವವರು ಎಷ್ಟು ಮಂದಿ ಎಂಬ ಎರಡು ಪ್ರಶ್ನೆಗಳನ್ನು ಈ ಎರಡನೆಯ ಲೆಕ್ಕದ ಮೇಲೆ ನಿಲ್ಲಿಸಿ ನೋಡುವ ಶಾಸ್ತ್ರವೇ ಸಮುದಾಯ ತಳಿಶಾಸ್ತ್ರ. ಆನುವಂಶಿಕ ರೋಗ, ಜನಾಂಗಗಳ ಚರಿತ್ರೆ, ಪ್ರಾಣಿತಳಿಗಳ ಸಂರಕ್ಷಣೆ ಈ ಮೂರಕ್ಕೂ ಅದರ ಉತ್ತರ ಒಂದೇ ಬಗೆಯಲ್ಲಿ ಅನ್ವಯಿಸುತ್ತದೆ.

ಈ ಶಾಸ್ತ್ರದ ಮೂಲಸೂತ್ರವನ್ನು 1908ರಲ್ಲಿ ಇಂಗ್ಲೆಂಡಿನ ಹಾರ್ಡಿ ಮತ್ತು ಜರ್ಮನಿಯ ವೈನ್‌ಬರ್ಗ್ ಪ್ರತ್ಯೇಕವಾಗಿ ನಿರೂಪಿಸಿದರು. ಒಂದು ಸುಪ್ತ ರೋಗವಾಹಿ ನೂರರಲ್ಲಿ ಒಂದರ ಪ್ರಮಾಣದಲ್ಲಿದೆಯೆಂದು ಭಾವಿಸೋಣ. ಅದು ತಂದೆತಾಯಿಗಳಿಬ್ಬರಿಂದಲೂ ಬಂದಾಗ ಮಾತ್ರ ಮಗುವಿಗೆ ರೋಗ ತಗಲುತ್ತದೆ. ನಂಟಿಲ್ಲದವರ ನಡುವಿನ ಮದುವೆಗಳಲ್ಲಿ ಇಂತಹ ಮಕ್ಕಳು ಹತ್ತು ಸಾವಿರಕ್ಕೆ ಒಬ್ಬರು. ಮಾವನ ಮಗಳೊಡನೆ ಆದ ಮದುವೆಗಳಲ್ಲಿ, ಒಂದೇ ಪೂರ್ವಜರ ವಂಶವಾಹಿ ಎರಡೂ ಕಡೆಯಿಂದ ಮಗುವಿಗೆ ಬರುವ ಸಂಭವ 1/16; ಆಗ ರೋಗಪೀಡಿತರ ಸಂಖ್ಯೆ ಹತ್ತು ಸಾವಿರಕ್ಕೆ ಸುಮಾರು 7. ಅಕ್ಕನ ಮಗಳೊಡನೆ ಆದ ಮದುವೆಗಳಲ್ಲಿ ಆ ಸಂಭವ 1/8. ಪೀಡಿತರು ಸುಮಾರು 13. ಒಂದು ರೋಗವನ್ನಷ್ಟೇ ನೋಡಿದರೆ ಈ ಹೆಚ್ಚಳ ಗಣನೀಯ. ಆದರೂ ಇಂತಹ ದಾಂಪತ್ಯಗಳಲ್ಲಿ ಹುಟ್ಟುವ ಬಹುಪಾಲು ಮಕ್ಕಳು ಆರೋಗ್ಯವಂತರೇ ಎಂಬುದನ್ನು ಮರೆಯಲಾಗದು. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ, ಹೆತ್ತವರಲ್ಲಿ ಸರಿಸುಮಾರು ಮೂರರಲ್ಲೊಂದು ಜೋಡಿ ರಕ್ತಸಂಬಂಧಿಗಳೆಂದು ಕಂಡುಬಂದಿತು. ಆದ್ದರಿಂದ ಈ ವಿಷಯವನ್ನು ನಿಂದೆಯ ಧಾಟಿಯಲ್ಲಿ ಅಲ್ಲ, ತಿಳಿವಳಿಕೆಯ ಧಾಟಿಯಲ್ಲಿ ಚರ್ಚಿಸುವುದು ಅಗತ್ಯ.

ಹತ್ತಿರದ ನಂಟಿನಲ್ಲಿ ಮದುವೆ ಮಾಡದಿದ್ದರೂ, ಒಳಪಂಗಡದ ಗಡಿಯೊಳಗೇ ಸಂಬಂಧ ಬೆಳೆಸಿದ ಸಮುದಾಯಗಳಲ್ಲಿ ಇನ್ನೊಂದು ಪರಿಣಾಮ ಕಾಣುತ್ತದೆ. ಕೆಲವೇ ಪೂರ್ವಜರಿಂದ ಬೆಳೆದ ಗುಂಪಿನಲ್ಲಿ ಅವರು ಹೊತ್ತು ತಂದ ಅಪರೂಪದ ವಂಶವಾಹಿಯೂ ವ್ಯಾಪಕವಾಗಿ ಹರಡುತ್ತದೆ. ಇದೇ ಸ್ಥಾಪಕ ಪರಿಣಾಮ. ಭಾರತದ 73 ಸಮುದಾಯಗಳನ್ನು ಕುರಿತ 2013ರ ಅಧ್ಯಯನದ ಪ್ರಕಾರ, ಸುಮಾರು 4,200 ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ಇಲ್ಲಿನ ಜನ ವ್ಯಾಪಕವಾಗಿ ಬೆರೆತಿದ್ದರು. ವಿವಾಹದ ಗಡಿಗಳು ಬಿಗಿಯಾದದ್ದು ಆನಂತರ. ಆ ಬಿಗಿತದ ಫಲವನ್ನು 2017ರ ಇನ್ನೊಂದು ಅಧ್ಯಯನ ತೋರಿಸಿತು: ಪರಿಶೀಲಿಸಿದ 263 ಗುಂಪುಗಳಲ್ಲಿ 81ರ ಸ್ಥಾಪಕ ಪರಿಣಾಮವು ಫಿನ್‌ಲೆಂಡಿನ ಜನರಲ್ಲಿ ಕಂಡುದಕ್ಕಿಂತಲೂ ತೀವ್ರ. ಅವುಗಳಲ್ಲಿ 14 ಗುಂಪುಗಳ ಜನಸಂಖ್ಯೆ ಹತ್ತು ಲಕ್ಷಕ್ಕೂ ಮಿಗಿಲು. ಸಂಖ್ಯೆಯಲ್ಲಿ ದೊಡ್ಡದಾದ ಜಾತಿಯೂ ತಳಿಯ ದೃಷ್ಟಿಯಿಂದ ಚಿಕ್ಕದಾಗಿರಬಹುದು ಎಂಬುದು ಇದರಿಂದ ಸ್ಪಷ್ಟ. ವೈಶ್ಯ ಸಮುದಾಯದ ಕೆಲವರಲ್ಲಿ ಒಂದು ಕಿಣ್ವದ ಕೊರತೆಯಿದ್ದು, ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯುಗಳನ್ನು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಔಷಧದ ಪರಿಣಾಮ ಬೇಗ ಇಳಿಯದೆ ಉಸಿರಾಟಕ್ಕೆ ಅಪಾಯ ಒದಗುತ್ತದೆ. ಅರಿವಳಿಕೆ ತಜ್ಞರಿಗೆ ಇದು ಮೊದಲೇ ತಿಳಿದಿದ್ದರೆ ಬೇರೆ ಔಷಧ ಬಳಸಿ ಜೀವ ಉಳಿಸಬಹುದು.

ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರಿನಿಂದ ಗುರುತಿಸಲಾಗುವ ಕೀಲುರೋಗದ ಬಗೆ ಬೇರೆ. 1970ರ ದಶಕದ ಮಧ್ಯಭಾಗದಲ್ಲಿ ಬೆಳಕಿಗೆ ಬಂದ ಈ ವ್ಯಾಧಿಯಲ್ಲಿ ಸೊಂಟ, ಮಂಡಿಗಳ ಕೀಲುಗಳು ಸವೆದು ದುಡಿಯುವ ಜನ ನಡೆಯಲಾರದಂತಾಗುತ್ತಾರೆ. ಕೀಟನಾಶಕ ಸೇರಿದ ಗದ್ದೆಯ ಏಡಿಗಳೇ ಕಾರಣವಿರಬಹುದೆಂಬ ಶಂಕೆ ಮೊದಲು ಮೂಡಿತ್ತು. ಮುಂದಿನ ಅಧ್ಯಯನಗಳು ಇದನ್ನು ಪ್ರಬಲ ವಂಶವಾಹಿಯಿಂದ ಬರುವ ರೋಗವೆಂದು ಗುರುತಿಸಿದವು. ಪ್ರಬಲ ವಂಶವಾಹಿ ಒಬ್ಬರಿಂದ ಬಂದರೂ ಸಾಕು. ಆದ್ದರಿಂದ ಇಲ್ಲಿ ರಕ್ತಸಂಬಂಧದ ಮದುವೆ ರೋಗಕ್ಕೆ ಕಾರಣವಲ್ಲ. ರೋಗ ಕೆಲವೇ ಸಮುದಾಯಗಳಲ್ಲಿ ಉಳಿದಿರುವುದಕ್ಕೆ ಮದುವೆಯ ಗಡಿ ಕಾರಣ. ಈ ಭೇದವನ್ನು ಗಮನಿಸದಿದ್ದರೆ ಬಡ ಕೃಷಿಕಾರ್ಮಿಕರ ಊಟವನ್ನೋ ಮದುವೆಯನ್ನೋ ವೃಥಾ ದೂಷಿಸಿದಂತಾಗುತ್ತದೆ.

ಧಾರವಾಡದ ಪಶ್ಚಿಮಕ್ಕೆ ಹಳಿಯಾಳ, ಯಲ್ಲಾಪುರಗಳ ಕಾಡಂಚಿನಲ್ಲಿರುವ ಸಿದ್ದಿ ಜನರ ಚರಿತ್ರೆಗೂ ಇದೇ ಶಾಸ್ತ್ರ ಸಾಕ್ಷ್ಯ ಒದಗಿಸಿದೆ. ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರದ ಕೆ. ತಂಗರಾಜ್ ಮತ್ತು ಸಹಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವು, ಸಿದ್ದಿಗಳ ಪೂರ್ವಜರು ಆಫ್ರಿಕದ ಬಾಂಟು ಭಾಷಿಕರೆಂದೂ, ನೆರೆಯ ಸಮುದಾಯಗಳೊಡನೆ ಅವರ ಬೆರಕೆ ನಡೆದದ್ದು ಸುಮಾರು ಎಂಟು ತಲೆಮಾರುಗಳ ಈಚೆಗೆಂದೂ ತೋರಿಸಿತು. ಪೋರ್ಚುಗೀಸರ ಕಾಲದ ದಾಖಲೆಗಳಿಗೆ ಇದು ಹೊಂದುತ್ತದೆ. ಆದರೆ ವಂಶವಾಹಿ ಹಕ್ಕುಪತ್ರವಲ್ಲ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಸೇರಿದ್ದು 2020ರಲ್ಲಿ. ಜಿಲ್ಲೆಯ ಗಡಿ ರಕ್ತದ ಗಡಿಯಲ್ಲ. ಅದನ್ನು ಸರಿಪಡಿಸಿದ್ದು ಪ್ರಯೋಗಾಲಯವಲ್ಲ, ಶಾಸನ.

ಇದೇ ಲೆಕ್ಕ ಕೊಟ್ಟಿಗೆಗೂ ಅನ್ವಯಿಸುತ್ತದೆ. ಅರ್ಧಚಂದ್ರಾಕಾರದ ಕೋಡುಗಳ ಧಾರವಾಡಿ ಎಮ್ಮೆಯನ್ನು ಕರ್ನಾಲದ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಸಂಸ್ಥೆ 2021ರಲ್ಲಿ ಪ್ರತ್ಯೇಕ ತಳಿಯೆಂದು ನೋಂದಾಯಿಸಿತು. ಇದಕ್ಕಾಗಿ ಶ್ರಮಿಸಿದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯ. ಧಾರವಾಡದ ಪೇಢೆಗೆ ಹೆಸರು ತಂದದ್ದು ಈ ಎಮ್ಮೆಯ ಹಾಲು. ನೋಂದಣಿಯಿಂದಲೇ ತಳಿ ಉಳಿಯದು. ಸಾವಿರ ಎಮ್ಮೆಗಳಿಗೆ ಹತ್ತೇ ಕೋಣಗಳಿದ್ದರೆ, ತಳಿಶಾಸ್ತ್ರದ ಪ್ರಕಾರ ಆ ಹಿಂಡಿನ ಪರಿಣಾಮಕಾರಿ ಸಂಖ್ಯೆ ಸುಮಾರು 40 ಮಾತ್ರ. ಒಂದೊಂದು ತಲೆಮಾರಿಗೂ ಶೇ. 1.25ರಷ್ಟು ವೈವಿಧ್ಯ ನಶಿಸುತ್ತದೆ. ಎಮ್ಮೆಗಳ ಎಣಿಕೆಗಿಂತ, ನಂಟಿಲ್ಲದ ಕೋಣಗಳನ್ನು ಬೇರೆ ಬೇರೆ ಊರುಗಳಲ್ಲಿ ಉಳಿಸಿಕೊಳ್ಳುವುದೇ ಇಲ್ಲಿ ಮುಖ್ಯ.

ಈ ನಿದರ್ಶನಗಳಾವುವೂ ಜಾತಿಗಳ ಮೇಲುಕೀಳನ್ನು ಹೇಳುವುದಿಲ್ಲ. ಗಡಿ ಮುಚ್ಚಿದಲ್ಲೆಲ್ಲ ಅಪಾಯ ಹೆಚ್ಚುತ್ತದೆ ಎಂಬುದನ್ನಷ್ಟೇ ಹೇಳುತ್ತವೆ. ಸಂಶೋಧಕರು ಮಾಡಬಹುದಾದ ಕೆಲಸವೊಂದು ಇಲ್ಲಿ ಉಳಿದಿದೆ. ನಮ್ಮ ಮನೆತನಗಳ ವಂಶಾವಳಿಗಳು ಸಾಮಾನ್ಯವಾಗಿ ಗಂಡುಮಕ್ಕಳ ಹೆಸರುಗಳನ್ನೇ ದಾಖಲಿಸಿವೆ. ಮಗಳನ್ನು ಯಾವ ಮನೆಗೆ ಕೊಟ್ಟರು, ಸೊಸೆಯನ್ನು ಎಲ್ಲಿಂದ ತಂದರು ಎಂಬುದು ತಿಳಿಯದೆ ವೈದ್ಯರಾಗಲಿ ತಳಿತಜ್ಞರಾಗಲಿ ಸಲಹೆ ನೀಡಲಾರರು. ಮನೆತನಗಳ ಒಪ್ಪಿಗೆ ಪಡೆದು, ಗೋಪ್ಯತೆಯನ್ನು ಕಾಯ್ದುಕೊಂಡು, ಹೆಣ್ಣುಮಕ್ಕಳ ಎಳೆಯನ್ನೂ ಈ ವಂಶಾವಳಿಗಳಲ್ಲಿ ಸೇರಿಸುವುದು ಚರಿತ್ರೆಗೂ ಆರೋಗ್ಯಕ್ಕೂ ಸಮಾನವಾಗಿ ಉಪಯುಕ್ತವಾದೀತು.