ಪಂಪುಸೆಟ್ಟಿಗೆ ತಕ್ಕ ಗಾತ್ರದ ತಂತಿಯ ಆಯ್ಕೆ

ಬೇಸಿಗೆ ಬೆಳೆಗೆ ಎಷ್ಟು ದಿನಕ್ಕೊಮ್ಮೆ ನೀರು ಹಾಯಿಸಬೇಕೆಂಬುದನ್ನು ರೈತ ಬಾಂಧವರು ಚೆನ್ನಾಗಿ ಬಲ್ಲರು. ಆದರೆ ಆ ನೀರನ್ನು ಮೇಲೆತ್ತುವ ಮೋಟಾರಿಗೆ ವಿದ್ಯುತ್ತನ್ನು ಒಯ್ಯುವ ತಂತಿಯ ಗಾತ್ರದ ಕಡೆಗೆ ಗಮನ ಕೊಡುವವರು ಕಡಿಮೆ. ಕಡಲೆಕಾಯಿ ಕಾಯಿ ಕಟ್ಟುವಾಗಲೋ ಟೊಮೇಟೊ ಹೂ ಬಿಡುವಾಗಲೋ ಮೋಟಾರು ಸುಟ್ಟರೆ, ಪಂಪನ್ನು ಕೊಳವೆ ಬಾವಿಯಿಂದ ಮೇಲೆತ್ತಿ, ವೈಂಡಿಂಗ್ ಮಾಡಿಸಿ ಮತ್ತೆ ಇಳಿಸುವಷ್ಟರಲ್ಲಿ ಹಲವು ದಿನಗಳು ಕಳೆಯುತ್ತವೆ. ಆ ಹಂತದಲ್ಲಿ ಕಳೆದುಕೊಂಡ ಇಳುವರಿ ಆಮೇಲೆ ಎಷ್ಟು ನೀರು ಹಾಯಿಸಿದರೂ ಮರಳಿ ಬಾರದು. ಮೋಟಾರು ಸುಡಲು ಕಾರಣಗಳು ಹಲವು. ಅವುಗಳಲ್ಲಿ ಸಣ್ಣ ತಂತಿಯೂ ಒಂದು.

ತಂತಿ ಸಣ್ಣದಾದರೆ ಏನಾಗುತ್ತದೆ?

ಉದ್ದವಾದ ಸಣ್ಣ ಪೈಪಿನಲ್ಲಿ ನೀರಿನ ಒತ್ತಡ ಕುಗ್ಗುವಂತೆ, ಉದ್ದವಾದ ಸಣ್ಣ ತಂತಿಯಲ್ಲಿ ವೋಲ್ಟೇಜು ಕುಗ್ಗುತ್ತದೆ. ಮೋಟಾರಿನ ತಿರುಗಿಸುವ ಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ವೋಲ್ಟೇಜು ಶೇಕಡ 10ರಷ್ಟು ಇಳಿದರೆ ಈ ಬಲ ಶೇಕಡ 19ರಷ್ಟು ಇಳಿಯುತ್ತದೆ. ಹೊರೆ ಮಾತ್ರ ಅಷ್ಟೇ ಇರುವುದರಿಂದ ಮೋಟಾರು ಹೆಚ್ಚು ಆಂಪಿಯರ್ ಎಳೆದುಕೊಂಡು ಕಾಯುತ್ತದೆ. ಹೆಚ್ಚು ಆಂಪಿಯರ್ ಹರಿದಾಗ ತಂತಿಯಲ್ಲಿನ ಕುಸಿತವೂ ಹೆಚ್ಚುತ್ತದೆ. ಚಾಲೂ ಮಾಡುವ ಕ್ಷಣದಲ್ಲಿ ಮೋಟಾರು ಐದಾರು ಪಟ್ಟು ಆಂಪಿಯರ್ ಎಳೆಯುವುದರಿಂದ ಆಗಿನ ಕುಸಿತ ಇನ್ನೂ ದೊಡ್ಡದು. ಮೋಟಾರು ಗುಂಯ್‌ಗುಡುತ್ತ ತಿರುಗದೆ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಗಾತ್ರವನ್ನು ಓದುವ ಬಗೆ

ತಂತಿಯ ಗಾತ್ರವನ್ನು ಚದರ ಮಿಲಿಮೀಟರಿನಲ್ಲಿ ಹೇಳುತ್ತಾರೆ. ಅಂಗಡಿಯಲ್ಲಿ '4 ಎಂ.ಎಂ.' ಎಂದರೆ 4 ಮಿ.ಮೀ. ದಪ್ಪವೆಂದಲ್ಲ; ಲೋಹದ ಅಡ್ಡಕೊಯ್ತದ ವಿಸ್ತೀರ್ಣ 4 ಚದರ ಮಿ.ಮೀ. ಎಂದರ್ಥ. ಹಳೆಯ ಕೆಲಸಗಾರರು '7/20' ಎಂದರೆ 20ನೇ ಗೇಜಿನ 7 ಎಳೆಗಳು, ಅಂದರೆ ಸುಮಾರು 4½ ಚದರ ಮಿ.ಮೀ. ಗೇಜಿನ ಅಂಕಿ ಹೆಚ್ಚಿದಷ್ಟೂ ಎಳೆ ತೆಳು ಎಂಬುದನ್ನು ನೆನಪಿಡಬೇಕು.

ಲೆಕ್ಕ ಹಾಕುವ ಕ್ರಮ

1. ಮೋಟಾರಿನ ಮೇಲಿನ ತಗಡಿನಲ್ಲಿ ಬರೆದಿರುವ ಆಂಪಿಯರ್ ನೋಡಿ.

2. ಮೀಟರಿನಿಂದ ಸ್ಟಾರ್ಟರಿಗೆ, ಸ್ಟಾರ್ಟರಿನಿಂದ ಬಾವಿಯೊಳಗಿನ ಮೋಟಾರಿಗೆ ಇರುವ ಒಟ್ಟು ಉದ್ದ ಅಳೆಯಿರಿ. ಬಾವಿಯ ಆಳವನ್ನು ಸೇರಿಸಲು ಮರೆಯುವವರೇ ಹೆಚ್ಚು.

3. ಒಂದು ಚದರ ಮಿ.ಮೀ. ಗಾತ್ರದ ತಾಮ್ರದ ತಂತಿ ಒಂದು ಕಿ.ಮೀ. ಉದ್ದಕ್ಕೆ ಸುಮಾರು 18 ಓಮ್ ತಡೆ ಒಡ್ಡುತ್ತದೆ. ಇದನ್ನು ನಿಮ್ಮ ಉದ್ದದಿಂದ (ಕಿ.ಮೀ.ನಲ್ಲಿ) ಗುಣಿಸಿ, ಗಾತ್ರದಿಂದ ಭಾಗಿಸಿದರೆ ನಿಮ್ಮ ತಂತಿಯ ತಡೆ ಸಿಗುತ್ತದೆ.

4. ಮೂರು ಫೇಸಿನ ಮೋಟಾರಿಗೆ ಆ ತಡೆಯನ್ನು ಆಂಪಿಯರಿನಿಂದಲೂ 1.73ರಿಂದಲೂ ಗುಣಿಸಿದರೆ ವೋಲ್ಟೇಜಿನ ಕುಸಿತ ಸಿಗುತ್ತದೆ.

ಈ ಕುಸಿತ 415 ವೋಲ್ಟಿನಲ್ಲಿ ಶೇಕಡ 3ರೊಳಗೆ, ಅಂದರೆ ಸುಮಾರು 12 ವೋಲ್ಟಿನೊಳಗೆ ಇದ್ದರೆ ಉತ್ತಮ.

ಉದಾಹರಣೆ: 5 ಅಶ್ವಶಕ್ತಿಯ ಸಬ್‌ಮರ್ಸಿಬಲ್ ಮೋಟಾರು 9 ಆಂಪಿಯರ್ ಎಳೆಯುತ್ತದೆ ಎನ್ನೋಣ. ಮೀಟರಿನಿಂದ ಬಾವಿಗೆ 50 ಮೀಟರು, ಬಾವಿಯೊಳಗೆ 150 ಮೀಟರು, ಒಟ್ಟು 200 ಮೀಟರು.

2.5 ಚ.ಮಿ.ಮೀ. ತಾಮ್ರ: ಕುಸಿತ ಸುಮಾರು 22 ವೋಲ್ಟ್ (ಶೇ. 5.4)
4 ಚ.ಮಿ.ಮೀ. ತಾಮ್ರ: ಸುಮಾರು 14 ವೋಲ್ಟ್ (ಶೇ. 3.4)
6 ಚ.ಮಿ.ಮೀ. ತಾಮ್ರ: ಸುಮಾರು 9 ವೋಲ್ಟ್ (ಶೇ. 2.3)

ಆದ್ದರಿಂದ ಇಲ್ಲಿ 6 ಚದರ ಮಿ.ಮೀ. ಆರಿಸುವುದು ಸೂಕ್ತ. 2.5ರ ತಂತಿಯು 9 ಆಂಪಿಯರನ್ನು ಬಿಸಿಯಾಗದೆ ಹೊರಬಲ್ಲದು ಎಂದು ಅಂಗಡಿಯವರು ಹೇಳುವುದು ಸುಳ್ಳಲ್ಲ. ಆದರೆ ಉದ್ದ ಹೆಚ್ಚಿದ್ದಾಗ ಅಷ್ಟೇ ಸಾಲದು. ಲೈನಿನ ವೋಲ್ಟೇಜೇ 360ಕ್ಕೆ ಇಳಿದಿರುವ ದಿನ 2.5ರ ತಂತಿ ಹಾಕಿದವರ ಮೋಟಾರಿಗೆ ತಲುಪುವುದು 338 ವೋಲ್ಟ್ ಮಾತ್ರ. ಆಗ ತಿರುಗಿಸುವ ಬಲ ಮೂರರಲ್ಲಿ ಎರಡು ಪಾಲಿಗೆ ಇಳಿದಿರುತ್ತದೆ.

ಅಲ್ಯೂಮಿನಿಯಂ ಬಳಸಬಹುದೆ?

ಮೀಟರಿನಿಂದ ಸ್ಟಾರ್ಟರಿನವರೆಗೆ ಬಳಸಬಹುದು. ಆದರೆ ಅದರ ತಡೆ ಹೆಚ್ಚಾದ್ದರಿಂದ ತಾಮ್ರದ ಸುಮಾರು 1.6 ಪಟ್ಟು ಗಾತ್ರ ಬೇಕು. 6ರ ತಾಮ್ರದ ಬದಲಿಗೆ 10ರ ಅಲ್ಯೂಮಿನಿಯಂ ಹಾಕಬೇಕು. ಎರಡು ಲೋಹಗಳನ್ನು ಬರಿದೆ ಹೊಸೆದು ಜೋಡಿಸಕೂಡದು. ತೇವ ತಗಲಿ ಜೋಡಣೆ ಕೊರೆದು, ಬಿಸಿಯಾಗಿ ಸುಡುತ್ತದೆ. ಇದಕ್ಕೆಂದೇ ಇರುವ ಎರಡು ಲೋಹದ ಲಗ್ಗುಗಳನ್ನು ಬಳಸಿ. ಬಾವಿಯೊಳಗೆ ಸಬ್‌ಮರ್ಸಿಬಲ್ ಪಂಪಿಗೆಂದೇ ತಯಾರಿಸಿದ ಮೂರೆಳೆಯ ಚಪ್ಪಟೆ ತಾಮ್ರದ ಕೇಬಲ್ಲನ್ನೇ ಇಳಿಸಬೇಕು.

ಮನೆಯ ಬೋರ್ಡು

ಮನೆಯಲ್ಲಿ ಉದ್ದ ಕಡಿಮೆಯಿರುವುದರಿಂದ ತಂತಿ ಬಿಸಿಯಾಗದಂತೆ ನೋಡುವುದೇ ಮುಖ್ಯ. ದೀಪ, ಫ್ಯಾನುಗಳಿಗೆ 1.5 ಚದರ ಮಿ.ಮೀ., 16 ಆಂಪಿಯರಿನ ಪ್ಲಗ್ಗಿಗೆ 2.5 ಅಥವಾ 4 ಚದರ ಮಿ.ಮೀ. ತಾಮ್ರದ ತಂತಿ ಸಾಮಾನ್ಯವಾಗಿ ಸಾಕು. ಫ್ಯೂಸು ಅಥವಾ ಎಂ.ಸಿ.ಬಿ. ಇರುವುದು ತಂತಿಯನ್ನು ಕಾಯಲು. 2.5ರ ತಂತಿಗೆ 16 ಆಂಪಿಯರಿನ ಎಂ.ಸಿ.ಬಿ. ಸರಿ. ಅದು ಪದೇ ಪದೇ ಬೀಳುತ್ತದೆಂದು 32ರದನ್ನು ಹಾಕಿದರೆ, ಅಥವಾ ಫ್ಯೂಸಿಗೆ ದಪ್ಪ ತಂತಿ ಸುತ್ತಿದರೆ, ಎಂ.ಸಿ.ಬಿ. ಬೀಳುವ ಮೊದಲೇ ಗೋಡೆಯೊಳಗಿನ ತಂತಿ ಬೆಂದು ಬೆಂಕಿ ಹೊತ್ತಬಹುದು.

ಗಮನದಲ್ಲಿಡಬೇಕಾದ ಅಂಶಗಳು

* ತಂತಿ ಕೊಳ್ಳುವಾಗ ಐ.ಎಸ್.ಐ. ಗುರುತು ನೋಡಿರಿ.
* ಪಂಪಿನ ಅಶ್ವಶಕ್ತಿ ಹೆಚ್ಚಿಸಿದಾಗ ಅಥವಾ ಪಂಪನ್ನು ಇನ್ನೂ ಆಳಕ್ಕೆ ಇಳಿಸಿದಾಗ ತಂತಿಯ ಲೆಕ್ಕವನ್ನು ಹೊಸದಾಗಿ ಮಾಡಿರಿ.
* ಭೂಸಂಪರ್ಕದ ತಂತಿಯನ್ನು ಎಂದಿಗೂ ಬಿಡಬೇಡಿರಿ. ಬೇಲಿಯ ತಂತಿಯನ್ನು ವಿದ್ಯುತ್ತಿಗೆ ಬಳಸಬೇಡಿರಿ.
* ಕೆಲಸವನ್ನು ಪರವಾನಗಿ ಪಡೆದ ಎಲೆಕ್ಟ್ರೀಷಿಯನ್‌ರಿಂದಲೇ, ಮೇನ್ ಸ್ವಿಚ್ ತೆಗೆಸಿ ಮಾಡಿಸಿರಿ.

ತಂತಿಗೆ ಒಮ್ಮೆ ತುಸು ಹೆಚ್ಚು ಖರ್ಚಾದರೂ ಅದು ವರ್ಷಗಟ್ಟಲೆ ಬಾಳುತ್ತದೆ. ಬಿತ್ತನೆಗೆ ಮುಂಚೆಯೇ, ಪಂಪಿಗೆ ಬಿಡುವಿರುವಾಗ, ಈ ಲೆಕ್ಕ ಮಾಡಿ ತಂತಿ ಬದಲಿಸಿಕೊಂಡರೆ ಬೆಳೆಗೆ ನೀರು ಬೇಕಾದ ಹೊತ್ತಿನಲ್ಲಿ ಮೋಟಾರು ಕೈಕೊಡುವ ಭಯ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.