ಬಟ್ಟೆಯ ವಿಮಾನಕ್ಕೊಂದು ಏರಿಯಲ್

ಮನೆಮನೆಯಲ್ಲಿ ವಾಲ್ವ್ ರೇಡಿಯೋ ಇದ್ದ ಕಾಲ ನಮ್ಮ ಹಿರಿಯ ವಾಚಕರಿಗೆ ನೆನಪಿರಬಹುದು. ಮಾಳಿಗೆಯ ಮೇಲೆ ಎರಡು ಬಿದಿರುಗಳ ನಡುವೆ ಏರಿಯಲ್ ತಂತಿ ಕಟ್ಟಿದರೆ ಕೆಲಸ ಅರ್ಧ ಮಾತ್ರ ಮುಗಿದಂತೆ. ಇನ್ನೊಂದು ತಂತಿಯನ್ನು ಹಿತ್ತಲಿನ ಒದ್ದೆ ನೆಲದಲ್ಲಿ ಹೂಳಬೇಕಾಗಿತ್ತು. ಅದು ‘ಅರ್ತ್’. ನೆಲ ಒಣಗಿದರೆ ಮಕ್ಕಳು ಒಂದು ಚೊಂಬು ನೀರು ಸುರಿದು ಬರುತ್ತಿದ್ದರು. ಹಾಗಾದರೆ ಆಕಾಶದಲ್ಲಿ ಹಾರುವ ವಿಮಾನಕ್ಕೆ ನೆಲವೆಲ್ಲಿ?

ದೆಹಲಿಯ ಕನ್ನಡಿಗರಿಗೆ ಇದು ದೂರದ ಪ್ರಶ್ನೆಯಲ್ಲ. ಐ.ಎನ್.ಎ. ಮಾರ್ಕೆಟ್ಟಿನ ಪಕ್ಕದ ಸಫ್ದರ್‌ಜಂಗ್ ವಿಮಾನ ನಿಲ್ದಾಣ 1929ರಲ್ಲಿ ವಿಲ್ಲಿಂಗ್ಡನ್ ಏರ್‌ಫೀಲ್ಡ್ ಎಂಬ ಹೆಸರಿನಿಂದ ಆರಂಭವಾಯಿತು. 1928ರಲ್ಲಿ ಹುಟ್ಟಿದ ದೆಹಲಿ ಫ್ಲೈಯಿಂಗ್ ಕ್ಲಬ್ಬಿನ ತರುಣರು ಹಾರಲು ಕಲಿತದ್ದು ಅಲ್ಲಿಯೇ. 2001ರ ತರುವಾಯ ಭದ್ರತೆಯ ಕಾರಣದಿಂದ ಆ ಹಾರಾಟ ನಿಂತಿತು. ಇಂಥ ಕ್ಲಬ್ಬುಗಳಿಗೆಂದೇ ನಮ್ಮ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ‘ಪುಷ್ಪಕ’ವನ್ನು ಕಟ್ಟಿತು. 1958ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿದ ಈ ವಿಮಾನಕ್ಕೆ ಎರಡೇ ಆಸನ, 90 ಅಶ್ವಶಕ್ತಿಯ ಎಂಜಿನ್. ಉಕ್ಕಿನ ಕೊಳವೆಗಳ ಅಸ್ಥಿಪಂಜರದ ಮೇಲೆ ಬಿಗಿದ ಬಟ್ಟೆಯೇ ಮೈ.

ತೊಡಕಿರುವುದು ಆ ಬಟ್ಟೆಯಲ್ಲಿಯೇ. ವಿಮಾನದ ಮಾತುಕತೆ ನಡೆಯುವುದು 118ರಿಂದ 137 ಮೆಗಾಹರ್ಟ್ಸ್‌ವರೆಗಿನ ಅಲೆಗಳಲ್ಲಿ. ಅಲೆಯ ಉದ್ದ ಸುಮಾರು 2.4 ಮೀಟರು, ಅದರ ಕಾಲುಭಾಗ, ಎಂದರೆ 60 ಸೆಂಟಿಮೀಟರಿನಷ್ಟು ಕೋಲು ಏರಿಯಲ್ಲಿಗೆ ಸಾಕು. ಗೋಪುರದ ಏರಿಯಲ್ ನೆಟ್ಟಗಿರುವುದರಿಂದ ಇದೂ ನೆಟ್ಟಗೇ ನಿಲ್ಲಬೇಕು. ಆದರೆ ಕೋಲು ಅರ್ಧ ಏರಿಯಲ್ ಮಾತ್ರ. ಉಳಿದರ್ಧ ಅದರ ಬುಡದ ಲೋಹ. ತಗಡಿನ ವಿಮಾನದಲ್ಲಿ ಮೈಯೇ ಆ ನೆಲ. ಬಟ್ಟೆಯ ವಿಮಾನಕ್ಕೆ ಅದನ್ನು ನಾವೇ ಒದಗಿಸಬೇಕು.

ಕುಶಲ ಕೆಲಸಗಾರರು ಏರಿಯಲ್ಲಿನ ಬುಡಕ್ಕೆ ಅಲ್ಯುಮಿನಿಯಂ ಹಲಗೆಯೊಂದನ್ನು ಕೊಡುತ್ತಾರೆ. ಗಾಳಿಯ ಹೊಡೆತವನ್ನು ಬಟ್ಟೆ ತಾಳಲಾರದಾದ್ದರಿಂದ ಹಲಗೆಯನ್ನು ಚೌಕಟ್ಟಿಗೆ ಹಿಡಿಕೆಗಳಿಂದ ಬಿಗಿಯಬೇಕು. ಕೊಳವೆಗೆ ತೂತು ಕೊರೆಯಬಾರದು. ಬುಡದಿಂದ ಗಾಡಿಯ ಚಕ್ರದ ಅರೆಕಾಲುಗಳಂತೆ ನಾಲ್ಕು ಕಡೆಗೂ, ಒಂದೊಂದೂ ಕೋಲಿನಷ್ಟೇ ಉದ್ದದ ಲೋಹದ ಪಟ್ಟಿಗಳನ್ನು ಬಟ್ಟೆಯ ಒಳಗೆ ಹಾಸುತ್ತಾರೆ. ಕೇಬಲ್ಲಿನ ಹೊರ ಜಾಲರಿ ಈ ಪಟ್ಟಿಗಳಿಗೆ ಕೂಡುವೆಡೆ ಬಣ್ಣ ಕೆರೆದು, ಲೋಹಕ್ಕೆ ಲೋಹ ತಾಕುವಂತೆ ಮಾಡಬೇಕು. ಎಂಜಿನ್ನಿನ ಕಿಡಿತಂತಿಗಳಿಂದ ಕೇಬಲ್ಲನ್ನು ದೂರವಿಡದಿದ್ದರೆ ಕಿವಿಯಲ್ಲಿ ಬರೀ ಚಟಪಟ ಸದ್ದು.

ಇಷ್ಟು ಮಾಡದಿದ್ದರೆ ಏನಾದೀತು? ವಿಮಾನ ಒಂದು ಕಡೆ ಮುಖ ಮಾಡಿದಾಗ ಗೋಪುರಕ್ಕೆ ಮಾತು ಕೇಳಿಸೀತು, ತಿರುಗಿದೊಡನೆ ಮಾಯವಾದೀತು. ಮೊದಲ ಬಾರಿ ಒಂಟಿಯಾಗಿ ಹಾರುತ್ತಿರುವ ವಿದ್ಯಾರ್ಥಿ ಆಗ ಗೋಪುರದ ದೀಪವನ್ನೇ ನಂಬಬೇಕು: ಎಡೆಬಿಡದ ಹಸಿರು ಇಳಿಯಲು ಅಪ್ಪಣೆ, ಎಡೆಬಿಡದ ಕೆಂಪು, ಬೇರೆ ವಿಮಾನಕ್ಕೆ ದಾರಿ ಬಿಟ್ಟು ಸುತ್ತುತ್ತಿರು ಎಂಬ ಸೂಚನೆ. ದೆಹಲಿಯ ಚಳಿಗಾಲದ ಮಬ್ಬಿನಲ್ಲಿ ಆ ದೀಪವೂ ಕಾಣದೆ ಹೋದರೆ? ಆದಕಾರಣ ಕೆಲಸ ಮುಗಿದ ಮೇಲೆ, ಕಳುಹಿಸಿದ ಶಕ್ತಿಯಲ್ಲಿ ಎಷ್ಟು ಹಿಂತಿರುಗಿ ಬರುತ್ತಿದೆಯೆಂದು ಮೀಟರಿನಿಂದ ಅಳೆಯುತ್ತಾರೆ. ಪರವಾನಗಿ ಪಡೆದ ಎಂಜಿನಿಯರು ಲಾಗ್‌ಬುಕ್ಕಿನಲ್ಲಿ ಬರೆದು ರುಜು ಹಾಕಿದ ಬಳಿಕವೇ ಹಾರಾಟ.

ಮನೆಯ ಅರ್ತಿಗೆ ನೀರು ಬೇಕಿತ್ತು. ವಿಮಾನದ ಈ ನೆಲಕ್ಕೆ ನೀರೇ ಶತ್ರು. ಬುಡದ ಸಂದಿಯಲ್ಲಿ ಮಳೆನೀರು ಇಳಿದರೆ ಲೋಹ ಕಿಲುಬು ಹಿಡಿದು ಕೂಡಿಕೆ ಕೆಡುತ್ತದೆ. ಕೋಲು ಮಾತ್ರ ಹೊರಗೆ ಎಂದಿನಂತೆ ನೆಟ್ಟಗೆ ನಿಂತಿರುತ್ತದೆ. ಅದಕ್ಕೇ ಬಲ್ಲವರು ಮೊದಲು ನೋಡುವುದು ಕೋಲನ್ನಲ್ಲ, ಅದರ ಬುಡವನ್ನು.